ಇನ್ನೂರ ಹದಿಮೂರನೆಯ ಸಾಕ್ಷಿ

ದಾನಮ್ಮ ಹೂಲಿಯವರಿಗೆ ಬೆಂಗಳೂರಿನ ಪುಟ್ಟೇನಹಳ್ಳಿಯಲ್ಲಿ ಬಾಡಿಗೆ ಮನೆ ಸಿಕ್ಕಿದ್ದು ಸೊಣ್ಣಮ್ಮನವರ ಧೈರ್ಯದಿಂದ. ಅದಕ್ಕೆ ಮುಂಚೆ ಆರು ಮನೆಯವರು ಬಹಳ ಮರ್ಯಾದೆಯಿಂದಲೇ ಬಾಗಿಲು ಹಾಕಿಕೊಂಡಿದ್ದರು. ಅದು ೧೯೯೨ರ ಜೂನ್ ತಿಂಗಳು. ಒಂಟಿ ಹೆಂಗಸು, ಇಪ್ಪತ್ತೆಂಟು ವಯಸ್ಸು, ನರಗುಂದದ ಕಡೆಯ ಮಾತು, ಇಷ್ಟನ್ನೂ ಒಪ್ಪಿಕೊಂಡವರು ಕೂಡ "ಕಾಲೇಜಲ್ಲಿ ಏನು ಪಾಠ ಮಾಡ್ತೀರಾ?" ಎಂದು ಕೇಳಿ, "ಕ್ರಿಮಿನಾಲಜಿ ರೀ" ಎಂಬ ಉತ್ತರ ಬಂದ ಕೂಡಲೇ ಊರಿಂದ ತಮ್ಮ ಬರುವುದನ್ನು ಜ್ಞಾಪಿಸಿಕೊಳ್ಳುತ್ತಿದ್ದರು. ಜಯನಗರದ ನಿವೃತ್ತ ಅಧಿಕಾರಿಯೊಬ್ಬರಂತೂ ಕನ್ನಡಕ ತೆಗೆದು ಒರೆಸಿ, "ಆ ಕ್ರಿಮಿನಲ್‌ಗಳೆಲ್ಲ ಮನೇಗೇ ಟ್ಯೂಷನ್‌ಗೆ ಬರ್ತಾರೇನಮ್ಮಾ?" ಎಂದು ಕೇಳಿದರು. ಪಾಪ, ತಮಾಷೆಗೆ ಕೇಳಿದ್ದಲ್ಲ.

ಸೊಣ್ಣಮ್ಮ ಮಾತ್ರ ಲೆಕ್ಕವನ್ನು ಬೇರೆ ಥರ ಹಾಕಿದರು. "ಕಳ್ಳರ ವಿಸ್ಯ ಓದ್ಕೊಂಡೋರು ಮಾಡಿ ಮೇಲಿದ್ರೆ ನಮ್ಗೇ ಒಳ್ಳೇದಲ್ವಾ? ಕಳ್ಳ ಬರಾಕೆ ಹಿಂದು ಮುಂದು ನೋಡ್ತಾನೆ" ಎಂದು ಗಂಡನ ಕಡೆ ತಿರುಗಿದರು. ಗಂಡ ಗಂಗಾಧರಯ್ಯ ತಲೆಯಾಡಿಸಿದರು. ರಾಗಿ ಹೊಲ ಬಡಾವಣೆಗೆ ಹೋದ ಮೇಲೆ ಉಳಿದ ಜಾಗದಲ್ಲಿ ನಾಲ್ಕು ಮನೆ ಕಟ್ಟಿಸಿ, ಎರಡು ಹಸು ಇಟ್ಟುಕೊಂಡಿದ್ದ ಮನುಷ್ಯ. ಮಾತು ಕಡಿಮೆ. ಊರಿನಲ್ಲಿ ಪಾಲುಪಟ್ಟಿಯಾಗಲಿ, ಮದುವೆ ಮಾತುಕತೆಯಾಗಲಿ, ಜಗಳದ ರಾಜಿಯಾಗಲಿ ಅವರನ್ನು ಕರೆಯದೆ ನಡೆಯುತ್ತಿರಲಿಲ್ಲ. ಹೋಗಿ ಕೂರುತ್ತಿದ್ದರು, ಕೊಟ್ಟ ಕಾಗದಕ್ಕೆ ರುಜು ಹಾಕಿ ಎಲೆಯಡಿಕೆ ಹಾಕಿಕೊಂಡು ಬರುತ್ತಿದ್ದರು. ದಾನಮ್ಮ ಅವರನ್ನು ಮೊದಲ ದಿನದಿಂದಲೂ ಯಜಮಾನರು ಎಂದೇ ಕರೆದರು.

ದಾನಮ್ಮ ಕೆಲಸಕ್ಕೆ ಸೇರಿದ್ದ ಜಯನಗರದ ಖಾಸಗಿ ಕಾಲೇಜಿನಲ್ಲಿ ಮೊದಲ ವರ್ಷ ಅವರಿಗಿದ್ದ ವಿದ್ಯಾರ್ಥಿಗಳು ಒಂಬತ್ತೇ ಜನ. ಅದರಲ್ಲಿ ನಾಲ್ವರು ಸಮಾಜಶಾಸ್ತ್ರ ಸಿಗದೆ ಬಂದವರು, ಇಬ್ಬರು ಪೊಲೀಸ್ ಕೆಲಸ ಸಿಗುತ್ತದೆಂದು ನಂಬಿ ಬಂದವರು. ದಾನಮ್ಮನಿಗೆ ಅದರಿಂದ ಬೇಸರವಾಗಲಿಲ್ಲ. ಧಾರವಾಡದಲ್ಲಿ ಎಂ.ಎ. ಮಾಡುವಾಗ ಇಡೀ ಬಂಧುಬಳಗ 'ಹೆಣ್ಣಮಕ್ಕಳಿಗೆ ಇದೆಂಥಾ ವಿದ್ಯಾ' ಎಂದು ಮೂಗು ಮುರಿದಿತ್ತು. ಮಾಸ್ತರಿಕೆ ಮಾಡಿ ನಿವೃತ್ತರಾಗಿದ್ದ ಅಪ್ಪ ಗುರುಶಾಂತಪ್ಪ ಕೂಡ ಬಿ.ಎಡ್. ಮಾಡಬಾರದಿತ್ತೇ ಎಂದು ಪ್ರತಿ ಪತ್ರದ ಕೊನೆಯಲ್ಲಿ ಬರೆಯುತ್ತಿದ್ದರು. ಇಂಥ ವಿಷಯಕ್ಕೆ ಒಂಬತ್ತು ಜನ ಬಂದು ಕೂತದ್ದೇ ದೊಡ್ಡದು ಎಂದುಕೊಂಡು ಆಕೆ ಆ ಒಂಬತ್ತು ಜನಕ್ಕೆ ಗಂಟಲು ಹರಿಯುವಂತೆ ಪಾಠ ಮಾಡಿದರು.

೧೯೯೫ರಲ್ಲಿ ಆಡಳಿತ ಮಂಡಳಿಯವರು ಒಂದು ಸುತ್ತೋಲೆ ಕಳಿಸಿದರು. ತಾತ್ಕಾಲಿಕ ಅಧ್ಯಾಪಕರು ೨೦೦೦ದ ಜೂನ್ ಒಳಗೆ ಪಿಎಚ್.ಡಿ. ಪಡೆದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ. ದಾನಮ್ಮನ ಮಟ್ಟಿಗೆ ಮನೆಗೆ ಎಂದರೆ ನರಗುಂದಕ್ಕೆ, ಅಪ್ಪನ ಬಿ.ಎಡ್. ಮಾತಿಗೆ, ಮೂಗು ಮುರಿದವರ ಮುಂದಕ್ಕೆ. ಬೆಂಗಳೂರಿನಲ್ಲಿ ಕ್ರಿಮಿನಾಲಜಿ ಕಲಿಸುವ ಕಾಲೇಜುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಇದು ತಪ್ಪಿದರೆ ಇನ್ನೊಂದು ಸಿಗುವ ಮಾತೇ ಇರಲಿಲ್ಲ. ಅವರು ಅದೇ ವಾರ ಹೋಗಿ ಪ್ರೊಫೆಸರ್ ಸೇತುರಾಮ ಅವರ ಮಾರ್ಗದರ್ಶನದಲ್ಲಿ ಹೆಸರು ನೋಂದಾಯಿಸಿದರು.

ಸೇತುರಾಮರು ಕೊಟ್ಟ ವಿಷಯ ಮಹಜರಿನ ಪಂಚರು. ಪೊಲೀಸರು ಕಳುವಿನ ಮಾಲನ್ನು ವಶಪಡಿಸಿಕೊಳ್ಳುವಾಗ ಆ ಜಾಗದ ಇಬ್ಬರು ಗೌರವಸ್ಥರನ್ನು ಕರೆದು, ಅವರ ಎದುರಿಗೆ ನಡೆದದ್ದನ್ನು ಬರೆದು ಸಹಿ ಹಾಕಿಸಬೇಕು. ಆ ಬರಹ ಮಹಜರು, ಆ ಇಬ್ಬರು ಪಂಚರು. ಇದೇ ಪಂಚರು ನಾಲ್ಕಾರು ವರ್ಷ ಕಳೆದು ನ್ಯಾಯಾಲಯದ ಕಟಕಟೆಗೆ ಬಂದಾಗ 'ನಾನು ನೋಡಿಲ್ಲ' ಎಂದುಬಿಡುತ್ತಾರೆ. ಆಗ ಅವರನ್ನು ಪ್ರತಿಕೂಲ ಸಾಕ್ಷಿ ಎಂದು ಘೋಷಿಸುತ್ತಾರೆ, ಕೇಸು ಬಿದ್ದುಹೋಗುತ್ತದೆ. ಹೀಗೇಕೆ ತಿರುಗಿ ಬೀಳುತ್ತಾರೆ ಎಂಬುದು ಪ್ರಶ್ನೆ. ಆರೋಪಿಯ ಕಡೆಯವರಿಂದ ಕೈ ಬೆಚ್ಚಗಾಗಿರುತ್ತದೆ ಎಂಬುದು ಎಲ್ಲರಿಗೂ ಮೊದಲೇ ಗೊತ್ತಿದ್ದ ಉತ್ತರ. ದಾನಮ್ಮನಿಗೂ ಗೊತ್ತಿತ್ತು. ಸಂಶೋಧನೆಗೆ ಹೊರಡುವವರಿಗೆ ಇದಕ್ಕಿಂತ ಅಪಾಯದ ಸ್ಥಿತಿ ಇನ್ನೊಂದಿಲ್ಲ.

ಎರಡು ವರ್ಷ, ಬಿಡುವಾದಾಗಲೆಲ್ಲ, ಅವರು ನ್ಯಾಯಾಲಯದ ದಾಖಲೆ ಕೋಣೆಯಲ್ಲಿ ಸೀನುತ್ತಾ ಕೂತರು. ಹಳೆಯ ಕಳವು ಕೇಸುಗಳ ಕಟ್ಟು ಬಿಚ್ಚುವುದು, ಪ್ರತಿಯೊಂದರಲ್ಲೂ ಎರಡು ಕಾಗದ ಓದುವುದು: ಮೊದಲಿನ ಮಹಜರು, ಕೊನೆಯ ತೀರ್ಪು. ನಡುವೆ ಸಾಕ್ಷಿಗಳ ಹೇಳಿಕೆ, ಪಾಟಿ ಸವಾಲು ಎಂದು ಕೈಬರಹದ ಹಾಳೆಗಳು ದಪ್ಪಗೆ ಇರುತ್ತಿದ್ದವು. ಅವನ್ನು ಓದುತ್ತ ಕೂತರೆ ಇಸವಿ ಎರಡು ಸಾವಿರಕ್ಕಲ್ಲ, ಎರಡು ಸಾವಿರದ ಹತ್ತಕ್ಕೂ ಮುಗಿಯದು ಎಂದು ಹಾಗೇ ಮಗುಚುತ್ತಿದ್ದರು. ತೀರ್ಪಿನಲ್ಲಿ 'ಪಂಚರು ಪ್ರತಿಕೂಲ ಸಾಕ್ಷಿ ನುಡಿದಿರುವುದರಿಂದ' ಎಂಬ ಸಾಲು ಕಂಡರೆ ಸಾಕು, ಪಟ್ಟಿಯಲ್ಲಿ ಆ ಹೆಸರಿನ ಮುಂದೆ ಒಂದು ಗೆರೆ. ಹೀಗೆ ಇನ್ನೂರ ಹನ್ನೆರಡು ಜನ ಸಿಕ್ಕರು.

ಆ ಪಟ್ಟಿಯಲ್ಲಿ ಒಂದು ಹೆಸರು ಮತ್ತೆ ಮತ್ತೆ ಬಂತು. 'ಗಂಗಾಧರಯ್ಯ, ವ್ಯವಸಾಯ, ಪುಟ್ಟೇನಹಳ್ಳಿ.' ಮೊದಲ ಸಲ ಕಂಡಾಗ ದಾನಮ್ಮ ಸಂಭ್ರಮಪಟ್ಟರು, ನಮ್ಮ ಯಜಮಾನರು! ಐದನೆಯ ಸಲ ಸಂಭ್ರಮ ಹೋಯಿತು. ಇಪ್ಪತ್ತನೆಯ ಸಲಕ್ಕೆ ಆ ಹೆಸರಿದ್ದ ಮಹಜರುಗಳನ್ನೆಲ್ಲ ಬೇರೆ ತೆಗೆದು ಎಣಿಸಿದರು. ಹದಿನಾಲ್ಕು ವರ್ಷಗಳಲ್ಲಿ ಅರವತ್ತಮೂರು ಮಹಜರಿಗೆ ಅವರ ಸಹಿಯಿತ್ತು. ಅವುಗಳಲ್ಲಿ ನಲವತ್ತೊಂದರಲ್ಲಿ ಅವರು ಪ್ರತಿಕೂಲ ಸಾಕ್ಷಿ.

ಅವರನ್ನು ನೇರವಾಗಿ ಕೇಳಿಬಿಡಬಹುದಿತ್ತು. ಮೆಟ್ಟಿಲಿಳಿದರೆ ಅವರ ಜಗಲಿ. ಆದರೆ ದಾನಮ್ಮ ಕೇಳಲಿಲ್ಲ, ಕೇಳಿದರೆ ಎಲ್ಲಿ ಹೌದು ಅಂದುಬಿಡುತ್ತಾರೋ ಎಂಬ ಭಯ. ಬದಲಿಗೆ 'ಸಾಕ್ಷಿ ಜಿ' ಎಂದು ಹೆಸರು ಮರೆಸಿ ಐದನೆಯ ಅಧ್ಯಾಯ ಬರೆದರು. ಠಾಣೆಗೂ ಆರೋಪಿಗೂ ಒಟ್ಟಿಗೆ ಮಾರಿಕೊಂಡ ವೃತ್ತಿ ಸಾಕ್ಷಿಯ ಚಿತ್ರ. ಸೇತುರಾಮರು ಓದಿ ಕುಣಿದಾಡಿದರು. "ಎಕ್ಸಲೆಂಟ್! ಇದೇ ನಿಮ್ಮ ಥೀಸಿಸ್ಸಿನ ಹಾರ್ಟು ಕಣ್ರೀ" ಎಂದರು. ದಾನಮ್ಮ ಮನೆಗೆ ಬಂದಾಗ ಸೊಣ್ಣಮ್ಮ ಹಿತಕಿದ ಬೇಳೆ ಸಾರನ್ನು ಪಾತ್ರೆಯಲ್ಲಿ ಹಾಕಿ ಮೆಟ್ಟಿಲ ಮೇಲೆ ಇಟ್ಟಿದ್ದರು. ಅವತ್ತು ಅದನ್ನು ಉಣ್ಣದೆ ಮುಚ್ಚಿಟ್ಟರು. ಆ ತಿಂಗಳು ಆಕೆ ಬಿಟಿಎಂ ಬಡಾವಣೆಯ ಕಡೆ ಬೇರೆ ಮನೆ ನೋಡಲು ಶುರು ಮಾಡಿದರು.

ಹೀಗಿರುವಾಗ, ೧೯೯೭ರ ಜುಲೈನ ಒಂದು ಬೆಳಿಗ್ಗೆ, ಎಂಟೂವರೆಗೆ, ಪೇದೆಯೊಬ್ಬ ಗೇಟಿನ ಹತ್ತಿರ ಬಂದು ನಿಂತ. "ಗೌಡ್ರೇ, ಹಿಂದಿನ್ ರಸ್ತೇಲಿ ಒಂದು ಮಹಜರೈತೆ. ಸ್ವಲ್ಪ ಬಂದ್ಬಿಡಿ. ಇನ್ನೊಬ್ರು ಯಾರಾದ್ರೂ ಬೇಕು" ಎಂದ. ಗಂಗಾಧರಯ್ಯನವರಿಗೆ ಮಂಡಿ ನೋವು, ಎದ್ದು ಕೋಲು ಹುಡುಕತೊಡಗಿದರು. ದಾನಮ್ಮ ಆಗಲೇ ಬ್ಯಾಗು ಹಿಡಿದು ಬಸ್ಸಿಗೆ ಹೊರಟಿದ್ದರು. ಸೊಣ್ಣಮ್ಮ ಬಾಗಿಲಿಂದಲೇ, "ಮೇಡಮ್ಮ ಓಗ್ತಾರೆ ಕಣಪ್ಪ, ಅವ್ರು ಇದನ್ನೇ ಓದಿರೋರು!" ಎಂದು ಹೆಮ್ಮೆಯಿಂದ ಹೇಳಿಬಿಟ್ಟರು. ಇಷ್ಟು ವರ್ಷ ಕಾಗದದಲ್ಲಿ ಕಂಡದ್ದನ್ನು ಕಣ್ಣಲ್ಲಿ ನೋಡಬಹುದಲ್ಲ ಎಂಬ ಆಸೆಗೆ ದಾನಮ್ಮ ಪೇದೆಯ ಹಿಂದೆ ಹೋದರು.

ಅರ್ಧ ಕಟ್ಟಿದ ಮನೆಯೊಂದರ ಶೆಡ್ಡಿನ ಮುಂದೆ ಜನ ಸೇರಿದ್ದರು. ಗಾರೆ ಕೆಲಸದವನೊಬ್ಬ ತಲೆ ತಗ್ಗಿಸಿ ನಿಂತಿದ್ದ. ನೆಲದ ಮೇಲೆ ಎರಡು ಹಿತ್ತಾಳೆ ಕೊಡ, ಒಂದು ಗ್ಯಾಸ್ ಸಿಲಿಂಡರ್, ಒಂದು ಗೋಡೆ ಗಡಿಯಾರ. ಎಸ್ಸೈ ಆಗಲೇ ಬರೆದು ಮುಗಿಸಿದ್ದ ಎರಡು ಹಾಳೆಯನ್ನು ರಟ್ಟಿನ ಮೇಲಿಟ್ಟು ಮುಂದೆ ಹಿಡಿದರು.

"ಮೇಡಂ, ಇಲ್ಲೊಂದು ಸೈನು. ಆಮೇಲೆ ಇಲ್ಲೊಂದು."

ಒಂಬತ್ತೂವರೆಗೆ ಕ್ಲಾಸಿತ್ತು. ಹದಿನೈದು ನಿಮಿಷಕ್ಕೊಂದು ಬಸ್ಸು. ಕೊಡ ಕಣ್ಣ ಮುಂದಿತ್ತು, ಸಿಲಿಂಡರ್ ಕಣ್ಣ ಮುಂದಿತ್ತು. ದಾನಮ್ಮ ಪೆನ್ನು ತೆಗೆದು ಎರಡೂ ಕಡೆ ಸಹಿ ಹಾಕಿದರು, ಕೆಳಗೆ ಅಭ್ಯಾಸದಂತೆ 'ಎಂ.ಎ., ಕ್ರಿಮಿನಾಲಜಿ' ಎಂದೂ ಸೇರಿಸಿದರು.

ಮುಂದೆ ಪ್ರೊಫೆಸರಾಗಿ, ವಿಭಾಗದ ಮುಖ್ಯಸ್ಥೆಯಾಗಿ ಹೆಸರು ಮಾಡಿದ ಮೇಲೆ ಆಕೆ ಪ್ರತಿ ಜುಲೈ ತಿಂಗಳ ಮೊದಲ ತರಗತಿಯಲ್ಲಿ ಒಂದು ಹಾಜರಿ ಹಾಳೆ ಹಂಚುತ್ತಿದ್ದರು. ಅದರ ಮೇಲ್ತುದಿಯಲ್ಲಿ ಸಣ್ಣ ಅಕ್ಷರದಲ್ಲಿ 'ಕಾಲೇಜಿನ ಫ್ಯಾನುಗಳನ್ನು ಕದ್ದವರು ನಾವೇ' ಎಂದು ಬರೆದಿರುತ್ತಿತ್ತು. ಹದಿನೈದು ವರ್ಷದಲ್ಲಿ ಅದಕ್ಕೆ ಸಹಿ ಹಾಕದೆ ಉಳಿದವಳು ರಮ್ಯ ಎಂಬ ಒಬ್ಬಳೇ ಒಬ್ಬಳು ಹುಡುಗಿ, ಅವಳೂ ಪೆನ್ನು ತಂದಿರಲಿಲ್ಲವಂತೆ. ನಕ್ಕವರಿಗೆ ದಾನಮ್ಮ ಆ ಬೆಳಗಿನ ಕಥೆ ಹೇಳುತ್ತಿದ್ದರು. ಆ ಬೆಳಿಗ್ಗೆ ಮಾತ್ರ ಅವರಿಗೆ ನಗು ಬಂದಿರಲಿಲ್ಲ.

ಅವತ್ತು ದಾನಮ್ಮ ಪೆನ್ನು ಮುಚ್ಚುವಷ್ಟರಲ್ಲಿ ಗಂಗಾಧರಯ್ಯ ಕೋಲೂರಿಕೊಂಡು ಬಂದರು. ಹಾಳೆ ತೆಗೆದುಕೊಂಡು, ಕಣ್ಣಿಗೆ ಹತ್ತಿರ ಹಿಡಿದು, ತುಟಿಯಾಡಿಸುತ್ತಾ ಎರಡೂ ಪುಟ ಓದಿದರು. ಆಮೇಲೆ ಸಹಿ ಹಾಕಿದರು. ವಾಪಸು ಬರುವ ದಾರಿಯಲ್ಲಿ ಕೇಳಿದರು:

"ಅವನು ನಮ್ಮೆದುರ್ಗೇನೆ ಸೆಡ್ಡಿನ್ ಇಂದ್ಗಡೆ ಅಗೆದು ತೆಕ್ಕೊಟ್ಟ ಅಂತ ಬರ್ದವ್ರೆ. ನೀವು ನೋಡಿದ್ರಾ ಮೇಡಮ್ಮಾ?"

ದಾನಮ್ಮನ ಕಾಲು ನಿಂತಿತು. "ಇಲ್ರೀ. ನಾ ಹೋಗೂದ್ರಾಗ ಎಲ್ಲಾ ಹೊರಗಿತ್ತು."

"ಮತ್ತೆ ಆಕ್ಬುಟ್ರಲ್ಲ."

"ನೀವೂ ಹಾಕಿದ್ರಲ್ರೀ ಯಜಮಾನ್ರ! ಓದಿನೂ ಹಾಕಿದ್ರಿ!"

"ನಾನು ಅಲ್ಲಿದ್ದೆ ಅಂತ ಆಕ್ದೆ. ಪಾಲುಪಟ್ಟಿಗೂ ಅಂಗೇ ತಾನೆ ಆಕೋದು? ಅದ್ರಾಗಿರೋ ಲೆಕ್ಕಕ್ಕೆಲ್ಲ ನಾನು ಜವಾಬ್ದಾರನಾ? ಊರಾಗೆ ಒಂದಾದ್ರೆ ಯಾರಾದ್ರೊಬ್ರು ದೊಡ್ಡೋರು ಓಗಿ ನಿಂತ್ಕಬೇಕು. ನಿಂತಿದ್ದೆ ಅನ್ನಾಕೆ ಒಂದು ರುಜು. ಏನು ಕಂಡೆ ಅಂತ ಕೋರ್ಟ್ನಾಗೆ ದೇವ್ರ ಮೇಲೆ ಪ್ರಮಾಣ ಮಾಡ್ಸಿ ಕೇಳ್ತಾರಲ್ಲ, ಅವಾಗ ಕಂಡಷ್ಟು ಏಳ್ತೀನಿ."

"ಆವಾಗ ಅವ್ರು ಏನಂತಾರ್ರೀ?"

"ಬೈತಾರೆ" ಎಂದರು ಗಂಗಾಧರಯ್ಯ. "ಅತ್ಲಾಗೆ ವಕೀಲ್ರೂ ಬೈತಾರೆ, ಇತ್ಲಾಗೆ ಠಾಣೆಯೋರೂ ಬೈತಾರೆ. ಆದ್ರೂ ಮುಂದಿನ್ ಸಲ ನನ್ನೇ ಕರೀತಾರೆ. ಬೇರೆ ಯಾರು ಬತ್ತಾರೆ, ಏಳಿ?"

ಅವತ್ತು ದಾನಮ್ಮ ಕ್ಲಾಸಿಗೆ ಹೋಗಲಿಲ್ಲ. ನೇರ ದಾಖಲೆ ಕೋಣೆಗೆ ಹೋಗಿ, ಮಗುಚಿಬಿಟ್ಟಿದ್ದ ಆ ದಪ್ಪ ಹಾಳೆಗಳನ್ನು ಮೊದಲ ಬಾರಿಗೆ ಓದಿದರು. ಸಾಕ್ಷಿ ಜಿ ನುಡಿದದ್ದು ಅಲ್ಲಿ ನಲವತ್ತೊಂದು ಸಲ ಇತ್ತು, ಹೆಚ್ಚುಕಡಿಮೆ ಒಂದೇ ಮಾತು: 'ನಾನು ಹೋಗುವ ವೇಳೆಗೆ ಸಾಮಾನುಗಳು ನೆಲದ ಮೇಲೆ ಇದ್ದವು. ಯಾರು ತೆಗೆದರೆಂದು ನಾನು ನೋಡಿಲ್ಲ. ನನ್ನನ್ನು ಯಾರೂ ಹೆದರಿಸಿಲ್ಲ, ಯಾರೂ ಏನೂ ಕೊಟ್ಟಿಲ್ಲ.' ಉಳಿದ ಇಪ್ಪತ್ತೆರಡರಲ್ಲಿ ಇಪ್ಪತ್ತಕ್ಕೆ ಅವರನ್ನು ಸಾಕ್ಷಿಗೆ ಕರೆಸಿಯೇ ಇರಲಿಲ್ಲ. ಎರಡು ಕೇಸಿನಲ್ಲಿ ಮಾಲು ತೆಗೆದದ್ದನ್ನು ತಾನೇ ನೋಡಿದ್ದೇನೆಂದು ಗಟ್ಟಿಯಾಗಿ ಹೇಳಿದ್ದರು, ಆ ಎರಡರಲ್ಲೂ ಕಳ್ಳನಿಗೆ ಶಿಕ್ಷೆಯಾಗಿತ್ತು. ಓದುತ್ತಾ ದಾನಮ್ಮನಿಗೆ ಅಳು ಬಂತು. ನಾಚಿಕೆಗೆ ಅರ್ಧ, ಉಳಿದರ್ಧ ಸಮಾಧಾನಕ್ಕೆ. ಸೊಣ್ಣಮ್ಮನ ಸಾರನ್ನು ಇನ್ನು ನೆಮ್ಮದಿಯಾಗಿ ಉಣ್ಣಬಹುದಿತ್ತು. ಬಿಟಿಎಂ ಮನೆಯ ಆಲೋಚನೆ ಅಲ್ಲಿಗೇ ನಿಂತಿತು.

ಆದರೆ ಥೀಸಿಸ್ಸಿನ ಹಾರ್ಟು ಹೋಯಿತು. ಸೇತುರಾಮರು ತಲೆ ಮೇಲೆ ಕೈ ಹೊತ್ತು ಕೂತರು. "ಇನ್ನೂರ ಹನ್ನೆರಡು ಜನರ ಡೆಪೊಸಿಷನ್ನೂ ಮತ್ತೆ ಓದ್ತೀರಾ? ಹುಡುಗಾಟ ಅಂದ್ಕೊಂಡಿದ್ದೀರೇನ್ರೀ? ನಿಮ್ಗೆ ಡೆಡ್‌ಲೈನ್ ಇರೋದು ಮರ್ತೋಯ್ತಾ?" ಮರೆತಿರಲಿಲ್ಲ. ಓದಿದರು. ಎಲ್ಲರೂ ಗಂಗಾಧರಯ್ಯನಂಥವರೇನೂ ಆಗಿರಲಿಲ್ಲ. ಮಾರಿಕೊಂಡವರಿದ್ದರು, ಹೆದರಿದವರಿದ್ದರು, ಠಾಣೆಯಲ್ಲಿ ಕೂತು ಖಾಲಿ ಹಾಳೆಗೆ ಸಹಿ ಹಾಕಿದವರಿದ್ದರು. ಆದರೆ ಎಂಬತ್ತೆಂಟು ಜನ ಅಲ್ಲಿದ್ದೆವು ಎಂಬುದಕ್ಕೆ ಸಹಿ ಹಾಕಿ, ಕಂಡಷ್ಟನ್ನೇ ಹೇಳಿ, ಸುಳ್ಳುಗಾರರೆನಿಸಿಕೊಂಡು ಮನೆಗೆ ಹೋದವರು. ಹೊಸ ಅಧ್ಯಾಯ ಮುಗಿಯುವ ಹೊತ್ತಿಗೆ ೧೯೯೯ರ ನವೆಂಬರ್ ಬಂದಿತ್ತು. ಅದೇ ತಿಂಗಳು, ಗಾರೆಯವನ ಕೇಸಿನಲ್ಲಿ ದಾನಮ್ಮನಿಗೆ ಸಮನ್ಸ್ ಬಂತು.

ಈ ಸಲ ಅವರು ಕಾಗದವನ್ನು ಎರಡು ಸಲ ಓದಿದರು. ನೋಡಿದ್ದೇನೆ ಎಂದರೆ ಪ್ರಮಾಣ ಮಾಡಿ ಸುಳ್ಳು ಹೇಳಿದಂತೆ. ನೋಡಿಲ್ಲ ಎಂದರೆ ಪ್ರತಿಕೂಲ ಸಾಕ್ಷಿಗಳ ಮೇಲೆ ಥೀಸಿಸ್ ಬರೆದವಳೇ ಪ್ರತಿಕೂಲ ಸಾಕ್ಷಿ. ಕಾಲೇಜಿನವರು ಕೇಳಿದರೆ? ಪರೀಕ್ಷಕರಿಗೆ ಗೊತ್ತಾದರೆ? ಓದದೆ ಸಹಿ ಹಾಕುವವಳಿಗೆ ಯಾರು ಡಾಕ್ಟರೇಟ್ ಕೊಡುತ್ತಾರೆ? ಆ ದಿನ ಇಬ್ಬರೂ ಪಂಚರು ಒಂದೇ ಆಟೋದಲ್ಲಿ ಹೋದರು. ಕಾರಿಡಾರಿನಲ್ಲಿ ಗಂಗಾಧರಯ್ಯ ಹೇಳಿದ್ದು ಒಂದೇ ಮಾತು: "ಕೂಗಿದ ತಕ್ಷಣ ಓಡ್ಬೇಡಿ. ನೀರು ಕುಡ್ಕಂಡು ಓಗಿ."

ಕಟಕಟೆಯಲ್ಲಿ ಸರ್ಕಾರಿ ವಕೀಲರು ಮಹಜರನ್ನು ತೋರಿಸಿ, ಸಹಿ ನಿಮ್ಮದೇ ಎಂದು ಕೇಳಿದರು. ಹೌದು ಎಂದರು. ಆರೋಪಿ ನಿಮ್ಮೆದುರು ಮಾಲು ತೆಗೆದುಕೊಟ್ಟದ್ದು ನಿಜವೇ ಎಂದು ಕೇಳಿದರು.

"ಅದನ್ನ ನಾ ನೋಡಿಲ್ರೀ. ನಾ ಹೋದಾಗ ಸಾಮಾನು ಹೊರಗಿದ್ವು."

ವಕೀಲರು ಕನ್ನಡಕದ ಮೇಲಿನಿಂದ ನೋಡಿದರು. "ಸಹಿ ಕೆಳಗೆ ಎಂ.ಎ., ಕ್ರಿಮಿನಾಲಜಿ ಅಂತ ಬರ್ದಿದ್ದೀರಿ. ಓದದೇ ಸಹಿ ಹಾಕಿದ್ರಾ ಮೇಡಂ?"

"ಹೌದ್ರೀ. ಓದದನ ಹಾಕಿದೆ. ಅದು ನಂದು ತಪ್ಪು."

ಹಿಂದಿನ ಬೆಂಚಿನಲ್ಲಿದ್ದ ಕಿರಿಯ ವಕೀಲರು ಕಿಸಕ್ಕನೆ ನಕ್ಕರು. ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಲು ಕೋರಿದ್ದಾಯಿತು, ನ್ಯಾಯಾಧೀಶರು ಬರೆದುಕೊಂಡದ್ದಾಯಿತು. ಗಾರೆಯವನು ನಿಜವಾಗಿ ಕದ್ದಿದ್ದನೋ ಇಲ್ಲವೋ ದಾನಮ್ಮನಿಗೆ ಕೊನೆಗೂ ಗೊತ್ತಾಗಲಿಲ್ಲ. ಅವರಿಗೆ ಗೊತ್ತಿದ್ದದ್ದು ತಾನು ಕಂಡಷ್ಟು, ಅಷ್ಟನ್ನು ಹೇಳಿಯಾಗಿತ್ತು. ಹೊರಗೆ ಬಂದಾಗ ಮೈ ಹಗುರಾಗಿತ್ತು. ಇಬ್ಬರೂ ಎದುರಿನ ಹೋಟೆಲಿನಲ್ಲಿ ಎರಡೆರಡು ಇಡ್ಲಿ ತಿಂದರು, ಗಂಗಾಧರಯ್ಯ ಸಾಂಬಾರು ಎರಡು ಸಲ ಹಾಕಿಸಿಕೊಂಡರು.

ಥೀಸಿಸ್ ಒಪ್ಪಿಸುವ ಮುನ್ನ ದಾನಮ್ಮ ಪಟ್ಟಿಯ ಕೊನೆಯ ಸಂಖ್ಯೆಗೆ ಒಂದು ಕೂಡಿಸಿದರು. ಸೇತುರಾಮರು ಅದನ್ನು ಕಂಡು ಬಾಗಿಲು ಮುಚ್ಚಿ ಬಂದರು.

"ನೋಡಿ, ಆ ಒಂದನ್ನ ತೆಗೀರಿ. ಯಾರಿಗ್ರೀ ಗೊತ್ತಾಗುತ್ತೆ? ಬರ್ತಿರೋ ಎಕ್ಸಾಮಿನರ್ ಜಯಸಿಂಹ, ಕಲ್ಲಿನಂಥ ಮನುಷ್ಯ. ಐದು ವರ್ಷದ ಕೆಲಸ ಮಣ್ಣು ಮಾಡ್ಕೋಬೇಡಿ."

"ಅದು ಇರೂದ ಹಂಗರೀ ಸರ್" ಎಂದರು ದಾನಮ್ಮ. ಹೇಳಿದ್ದೇನೋ ಆಯಿತು, ಮೌಖಿಕ ಪರೀಕ್ಷೆಯ ತನಕ ಆರು ತಿಂಗಳು ಸರಿಯಾಗಿ ನಿದ್ದೆ ಮಾಡಲಿಲ್ಲ.

೨೦೦೦ದ ಮೇ ಕೊನೆಯ ವಾರ. ಸುತ್ತೋಲೆಯ ಗಡುವಿಗೆ ಇನ್ನು ಒಂದೇ ತಿಂಗಳು. ಜಯಸಿಂಹರು ಒಂದು ಗಂಟೆ ಪ್ರಶ್ನೆ ಕೇಳಿದರು, ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಕೊನೆಗೆ ಒಂದು ಪುಟ ತೆರೆದು ಬೆರಳಿಟ್ಟರು.

"ನೀವು ಮೊದಲು ಕಳಿಸಿದ ಸಾರಾಂಶದಲ್ಲಿ ಪ್ರತಿಕೂಲ ಸಾಕ್ಷಿಗಳು ಇನ್ನೂರ ಹನ್ನೆರಡು. ಇಲ್ಲಿ ಇನ್ನೂರ ಹದಿಮೂರು. ಟೈಪಿಂಗ್ ಮಿಸ್ಟೇಕಾ?"

ಸೇತುರಾಮರು ಕಣ್ಣಲ್ಲೇ ಹೌದೆನ್ನಿ ಎಂದರು. ಹೌದು ಎಂದಿದ್ದರೆ ಮುಗಿಯುತ್ತಿತ್ತು.

"ಅಲ್ರೀ ಸರ್. ಇನ್ನೂರ ಹದಿಮೂರನೇದಾಕಿ ನಾನ."

ದಾನಮ್ಮ ಮಹಜರು, ಒಂಬತ್ತೂವರೆಯ ಕ್ಲಾಸು, ಕಟಕಟೆ, ಎಲ್ಲವನ್ನೂ ಹೇಳಿದರು. ಜಯಸಿಂಹರು ಪೆನ್ನಿನ ಮುಚ್ಚಳ ಹಾಕಿದರು.

"ನಾನು ಮೂವತ್ತು ವರ್ಷದಿಂದ ಈ ಪಂಚರನ್ನ ಸುಳ್ಳುಗಾರರು ಅಂತಲೇ ಪಾಠ ಮಾಡಿದ್ದೀನಿ" ಎಂದರು ಆಮೇಲೆ. "ಒಂದು ಸಲಾನೂ ನನ್ನನ್ನ ಯಾರೂ ಮಹಜರಿಗೆ ಕರೀಲಿಲ್ಲ. ಕರೆದಿದ್ರೆ ನಾನೂ ಓದದೇ ಹಾಕ್ತಿದ್ದೆ. ಆದ್ರೆ ಕೋರ್ಟಲ್ಲಿ ನಿಮ್ಮ ಹಾಗೆ ಹೇಳ್ತಿದ್ನಾ, ಗೊತ್ತಿಲ್ಲ." ಅಲ್ಲೇ ವರದಿ ಬರೆದು, ಪದವಿಗೆ ಶಿಫಾರಸು ಮಾಡಿದೆ ಎಂದು ಓದಿ ಹೇಳಿ, ಎದ್ದು ನಿಂತು ಕೈ ಮುಗಿದರು.

ದಾನಮ್ಮನಿಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಕೆಲಸ ಉಳಿಯಿತು, ಬೆಂಗಳೂರು ಉಳಿಯಿತು, ಮಾನವೂ ಉಳಿಯಿತು. ಮೆಟ್ಟಿಲಿಳಿಯುತ್ತಿದ್ದಾಗ ಸೇತುರಾಮರು ಹಿಂದಿನಿಂದ ಬೇಗಬೇಗ ಬಂದು ದನಿ ತಗ್ಗಿಸಿದರು.

"ಕಂಗ್ರಾಜುಲೇಷನ್ಸ್ ಕಣ್ರೀ. ಒಂದು ಮಾತು. ಆ ನಂಬರ್ ತೆಗೀರಿ ಅಂತ ನಾನು ಹೇಳಿದ್ದೆ ಅನ್ನೋದನ್ನ ಮಾತ್ರ ಎಲ್ಲೂ ಹೇಳ್ಬೇಡಿ."

"ನಾನಾಗಿ ಹೇಳೂದಿಲ್ರೀ ಸರ್" ಎಂದರು ಡಾಕ್ಟರ್ ದಾನಮ್ಮ ಹೂಲಿ. "ಯಾರರ ಕೇಳಿದ್ರ ಮಾತ್ರ ಹೇಳ್ತೀನಿ."

ಸೇತುರಾಮರು ತಡೆಯಲಾರದೆ ನಕ್ಕರು.